ಕೂಲಿಯವನಿಗೂ ತಲೆಯಿದೆ

ಹಾಸ್ಟೆಲಿನ ಗೆಳೆಯರೇ, ಕಾಲೇಜಿನ ತಂಗಿಯರೇ,

ಅಪಘಾತ ಪರಿಹಾರದ ಕೋರ್ಟುಗಳಲ್ಲಿ ಒಂದು ವಾದ ನಡೀತದೆ. ಇನ್ಷೂರೆನ್ಸ್ ಕಂಪನಿಯ ಪರವಾಗಿ ನಿಂತವರು ಮಾಡುವ ವಾದ. ಒಬ್ಬೊಬ್ಬ ವಕೀಲರ ಬಾಯಲ್ಲಿ ಒಂದೊಂದು ಥರ ಬಂದರೂ ಅದರ ತಿರುಳು ಇಷ್ಟೇ: ಇವನು ಕೂಲಿಯವನು. ಕೈಕಾಲು ನೆಟ್ಟಗಿವೆ. ತಲೆಗೆ ಪೆಟ್ಟು ಬಿದ್ದಿತ್ತು, ಹೊಲಿಗೆ ಬಿಚ್ಚಿಯಾಯ್ತು, ನಡಕೊಂಡೇ ಕೋರ್ಟಿಗೆ ಬಂದಿದ್ದಾನೆ. ಇವನ ದುಡಿಮೆಗೇನು ಕೊರತೆ?

ಈ ಮಾತನ್ನ ಸ್ವಲ್ಪ ಬಿಚ್ಚಿ ನೋಡಿ. ಇದೇ ಪೆಟ್ಟು ಒಬ್ಬ ಇಂಜಿನಿಯರಿಗೋ ಬ್ಯಾಂಕ್ ಮ್ಯಾನೇಜರಿಗೋ ಬಿದ್ದಿದ್ದರೆ "ತಲೆಯೇ ಕೆಟ್ಟ ಮೇಲೆ ಇನ್ನೇನು ಉಳೀತು" ಅಂತ ಎಲ್ಲರೂ ಒಪ್ಪುತ್ತಾರೆ. ಕೂಲಿಯವನ ಸರದಿ ಬಂದಾಗ ಮಾತ್ರ ತಲೆ ಲೆಕ್ಕಕ್ಕೆ ಬರೋದಿಲ್ಲ. ಅವನು ದುಡಿಯೋದು ಕೈಯಲ್ಲಿ, ಅವನಿಗೆ ತಲೆ ಯಾತಕ್ಕೆ ಅನ್ನುವ ನಂಬಿಕೆ. ಈ ನಂಬಿಕೆ ಯಾವ ಕಾನೂನು ಪುಸ್ತಕದಲ್ಲೂ ಬರೆದಿಲ್ಲ. ಇದು ಎಲ್ಲಿಂದ ಬಂತು ಅಂತ ನಿಮಗೆ ಹೇಳಿಕೊಡಬೇಕೆ? ಮುಖದಿಂದ ಒಬ್ಬ ಹುಟ್ಟಿದ, ಪಾದದಿಂದ ಇನ್ನೊಬ್ಬ ಹುಟ್ಟಿದ ಅಂತ ಮನುಷ್ಯನ ಮೈಯನ್ನೇ ಪಾಲು ಹಾಕಿದ ದೇಶ ಇದು. ಆ ಪಾದಕ್ಕೂ ಸೇರದೆ ಊರಾಚೆ ಉಳಿದವರು ನಾವು. ಆ ಹಳೇ ಪಾಲುಪಟ್ಟಿ ಇವತ್ತು ಕೋಟು ಹಾಕ್ಕೊಂಡು ಕೋರ್ಟಿನೊಳಗೆ ಬಂದು ನಿಂತಿದೆ.

ಗಾರೆ ಕೆಲಸದವನು ಮೂರನೇ ಮಹಡಿಯ ಸಾರವೆ ಮೇಲೆ ನಿಲ್ಲೋದು ಬರೀ ಕಾಲಿನ ಬಲದಿಂದಲೇ? ಕಾಲು ಎಲ್ಲಿಡಬೇಕು ಅಂತ ಹೇಳೋದು ತಲೆ. ಒಂದು ಬಾಂಡಲಿ ಸಿಮೆಂಟಿಗೆ ಎಷ್ಟು ಮರಳು ಅಂತ ಎಣಿಸೋದು ತಲೆ. ಹಮಾಲಿ ಮಾಡುವವನು ಮೂಟೆ ಲೆಕ್ಕ ಇಟ್ಟುಕೊಳ್ಳೋದು ತಲೆಯಲ್ಲಿ. ಬೆಳಗಿನ ಜಾವ ರಸ್ತೆ ಗುಡಿಸುವ ಹೆಣ್ಣುಮಗಳು ಹಿಂದಿನಿಂದ ಬರುವ ಲಾರಿಯ ಸದ್ದು ಕೇಳಿ ಪಕ್ಕಕ್ಕೆ ಸರಿಯೋದು ತಲೆಯಿಂದ. ಮೇಸ್ತ್ರಿ ಯಾವ ವಾರದ ಕೂಲಿ ಬಾಕಿ ಉಳಿಸಿಕೊಂಡ, ಎಷ್ಟು ಹಿಡಿದುಕೊಂಡ ಅನ್ನೋದನ್ನ ಕಾಗದವಿಲ್ಲದೆ, ಪೆನ್ನಿಲ್ಲದೆ ವರ್ಷಗಟ್ಟಲೆ ನೆನಪಿಡೋದು ಯಾವುದು? ಓದಿದವನಿಗೆ ಡೈರಿ ಇದೆ, ಗುಮಾಸ್ತ ಇದ್ದಾನೆ. ಓದದವನಿಗೆ ಇರೋದು ತಲೆಯೊಂದೇ. ಅದೂ ಹೋದರೆ ಅವನು ಓದಿದವನಿಗಿಂತ ಹೆಚ್ಚೇ ಕಳಕೊಂಡ.

ಹೊರಗೆ ಕಾಣದ ಗಾಯ

ತಲೆಯ ಒಳಗಿನ ಗಾಯ ಕಾಲು ಮುರಿದ ಹಾಗಲ್ಲ. ಪಿ.ಓ.ಪಿ. ಪಟ್ಟಿ ಇಲ್ಲ, ಊರುಗೋಲಿಲ್ಲ. ಹೊರಗಿನ ಚರ್ಮ ಹದಿನೈದು ದಿನಕ್ಕೆ ಕೂಡಿಕೊಳ್ತದೆ, ಕೂದಲು ಮತ್ತೆ ಬೆಳೀತದೆ. ಮನುಷ್ಯ ಮಾತ್ರ ಬೇರೆಯಾಗಿರ್ತಾನೆ. ಮಾತು ಮಾತಿಗೂ ಸಿಡುಕು. ಹೇಳಿದ್ದನ್ನೇ ಹೇಳೋದು. ಅಂಗಡಿಗೆ ಹೋದವನು ಏನು ತರಲು ಬಂದೆ ಅಂತ ನಿಂತೇ ಬಿಡೋದು. ಸಾರಿಗೆ ಎರಡು ಸಲ ಉಪ್ಪು ಬೀಳೋದು. ಬಿಸಿಲಿಗೆ ಹೋದರೆ ತಲೆ ಸಿಡಿಯೋದು. ವಾಸನೆ ಗೊತ್ತಾಗದಿರೋದು. ಕೆಲವರಿಗೆ ತಿಂಗಳುಗಳಾದ ಮೇಲೆ ಫಿಟ್ಸು ಬರ್ತದೆ. ನಿಮ್ಮಂಥ ವಿದ್ಯಾರ್ಥಿಯಾದರೆ ಓದಿದ ಪುಟ ತಿರುವಿ ಹಾಕುವಷ್ಟರಲ್ಲಿ ಮರೆತುಹೋಗ್ತದೆ.

ಮನೆಯವರಿಗೆ ಇದು ಪೆಟ್ಟಿನ ಫಲ ಅಂತ ತಿಳಿಯೋದಿಲ್ಲ. ಗಾಳಿ ಸೋಕಿದೆ ಅಂತ ದೇವರು ಕೇಳಿಸ್ತಾರೆ, ತಾಯತ ಕಟ್ಟಿಸ್ತಾರೆ. ಊರಿನವರು "ಕುಡಿದು ಹಿಂಗಾಡ್ತಾನೆ" ಅಂತಾರೆ. ಹೆಂಡತಿ ಹೊಡೆತ ತಿಂದು ಸುಮ್ಮನಿರ್ತಾಳೆ. ಅತ್ತ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ "ಪ್ರಜ್ಞೆ ಇದೆ, ಸ್ಥಿತಿ ತೃಪ್ತಿಕರ" ಅಂತ ಒಂದು ಸಾಲು ಇರ್ತದೆ. ಜೀವ ಉಳೀತು ಅನ್ನೋದಷ್ಟೇ ಆ ಸಾಲಿನ ಅರ್ಥ. ಕಂಪನಿಯವರು ಅದನ್ನೇ ಹಿಡಿದು ಎಲ್ಲ ವಾಸಿಯಾಯ್ತು ಅಂತ ಸಾಧಿಸ್ತಾರೆ.

ಡಾಕ್ಟರುಗಳಿಗೆ ಇದನ್ನ ಅಳೆಯೋದಕ್ಕೆ ದಾರಿಗಳಿವೆ. ಆಸ್ಪತ್ರೆಗೆ ಬಂದ ಗಳಿಗೆಯಲ್ಲಿ ಗ್ಲಾಸ್ಗೋ ಕೋಮಾ ಸ್ಕೇಲ್ ಅಂತ ಒಂದು ಅಂಕ ಬರೀತಾರೆ. ಕಣ್ಣು ತೆರೀತಾನೋ, ಮಾತಾಡ್ತಾನೋ, ಕೈಕಾಲು ಆಡಿಸ್ತಾನೋ ನೋಡಿ ಕೊಡುವ ಅಂಕ. ಪೂರ್ತಿ ಎಚ್ಚರವಿದ್ದರೆ 15, ಏನೂ ಇಲ್ಲದಿದ್ದರೆ 3. ಎಂಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು. ಆಮೇಲೆ ಸಿ.ಟಿ. ಸ್ಕ್ಯಾನು. ಆದರೆ ಲಘು ಪೆಟ್ಟಿನಲ್ಲಿ ಸ್ಕ್ಯಾನು ಚೆನ್ನಾಗೇ ಬಂದು, ನೆನಪು ಮಾತ್ರ ಹೋಗಿರೋದೂ ಉಂಟು. ಅದಕ್ಕೆ ನೆನಪು, ಗಮನ, ತಿಳಿವಳಿಕೆಯನ್ನ ಗಂಟೆಗಟ್ಟಲೆ ಕೂರಿಸಿ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆ ಬೇರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದನ್ನ ಮಾಡ್ತಾರೆ. ಅಲ್ಲಿಗೆ ಹೋಗಿ ಬರೆಸಿಕೊಂಡವನ ತಲೆ ಕೋರ್ಟಿಗೆ ಕಾಣ್ತದೆ. ಹೋಗದವನ ತಲೆ ಕಾಣೋದಿಲ್ಲ. ಇಡೀ ಜಗಳ ಇರೋದು ಇಲ್ಲೇ. ಕಾಗದ ಇಲ್ಲದವನ ನೋವು ಕೋರ್ಟಿನ ಮಟ್ಟಿಗೆ ನೋವೇ ಅಲ್ಲ.

ಕಾನೂನು ಏನು ಹೇಳಿದೆ

ಹಾಗಂತ ಕಾನೂನು ಪೂರ್ತಿ ಕುರುಡಾಗಿಲ್ಲ. 2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಡಾಕ್ಟರು ಬರೆದ ಶೇಕಡಾವಾರು ಒಂದು, ದುಡಿಮೆ ಹೋದ ಪ್ರಮಾಣ ಇನ್ನೊಂದು, ಎರಡನ್ನೂ ಬೆರೆಸಬೇಡಿ ಅಂತ ಅದು ಹೇಳಿತು. ಎಡಗೈ ಹೋದ ಸರ್ಕಾರಿ ಗುಮಾಸ್ತ ಕೆಲಸದಲ್ಲಿ ಉಳಿಯಬಹುದು, ಅದೇ ಕೈ ಹೋದ ಡ್ರೈವರನೋ ಬಡಗಿಯೋ ಪೂರ್ತಿ ಕೆಲಸವನ್ನೇ ಕಳಕೊಳ್ತಾನೆ. ಆದ್ದರಿಂದ ಗಾಯವಾದವನು ಮೊದಲು ಏನು ಕೆಲಸ ಮಾಡ್ತಿದ್ದ, ಈಗ ಏನು ಮಾಡಬಲ್ಲ, ಇನ್ನು ಮುಂದೆ ಬದುಕು ಹೇಗೆ ಸಾಗಿಸ್ತಾನೆ ಅಂತ ಕೇಳಬೇಕು. ಇದು ನಮ್ಮ ಕೈಗೆ ಸಿಕ್ಕ ಒಳ್ಳೇ ಆಯುಧ. ಫಿಟ್ಸು ಬರುವವನನ್ನ ಯಾವ ಮೇಸ್ತ್ರಿ ಸಾರವೆ ಹತ್ತಿಸ್ತಾನೆ? ಡಾಕ್ಟರು ಇಪ್ಪತ್ತು ಪರ್ಸೆಂಟ್ ಬರೆದಿರಲಿ, ಆ ಕೆಲಸದ ಮಟ್ಟಿಗೆ ಅವನದು ನೂರು ಪರ್ಸೆಂಟ್ ನಷ್ಟ. ಹೀಗೆ ಕೇಳುವ ವಕೀಲ ಬೇಕು.

2011ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಒಬ್ಬ ಕೂಲಿಯವನ ಕೇಸು. ಅಪಘಾತ 2004ರದ್ದು. ತಿಂಗಳಿಗೆ 4,500 ದುಡೀತಿದ್ದೆ ಅಂತ ಅವನು ಹೇಳಿದ. ಪುರಾವೆ ಇಲ್ಲ ಅಂತ ಕೆಳಗಿನ ಕೋರ್ಟು 3,000ಕ್ಕೆ ಇಳಿಸಿತ್ತು. ಕೂಲಿಯವನಿಂದ ಸಂಬಳದ ಕಾಗದ ನಿರೀಕ್ಷಿಸೋದು ಸರಿಯಲ್ಲ ಅಂತ ಸುಪ್ರೀಂ ಕೋರ್ಟು 4,500ನ್ನೇ ಒಪ್ಪಿತು. ನೋಡಿ, ಇಷ್ಟು ಸರಳ ಸತ್ಯ ಒಪ್ಪಿಸೋದಕ್ಕೆ ಒಬ್ಬ ಕೂಲಿಯವನು ಏಳು ವರ್ಷ ಮೆಟ್ಟಿಲು ಹತ್ತಿ ದೆಹಲಿಗೆ ಹೋಗಬೇಕಾಯ್ತು.

ಇನ್ನೊಂದು ಹರಿಯಾಣದ ಹುಡುಗಿಯದು. 2007ರಲ್ಲಿ ಅಪಘಾತವಾದಾಗ ಅವಳಿಗೆ ಹನ್ನೆರಡು ವರ್ಷ. ತಲೆಯ ಪೆಟ್ಟಿನಿಂದ ಬುದ್ಧಿ ಕೂಸಿನ ಮಟ್ಟಕ್ಕೆ ಇಳಿದುಹೋಯ್ತು. ಕೆಳಗಿನ ಟ್ರಿಬ್ಯೂನಲ್ಲು ಕೊಟ್ಟದ್ದು ಹನ್ನೊಂದು ಲಕ್ಷ ಚಿಲ್ಲರೆ. ಹೈಕೋರ್ಟು ಅದನ್ನ ಇಪ್ಪತ್ತೈದು ಲಕ್ಷ ಚಿಲ್ಲರೆಗೆ ಏರಿಸಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು 62,27,000 ಮಾಡಿತು. ಅವಳನ್ನ ನೋಡಿಕೊಳ್ಳೋದಕ್ಕೆ ಹಗಲು ರಾತ್ರಿ ಆಳು ಬೇಕು ಅಂತ ಇಬ್ಬರ ಕೂಲಿಯನ್ನ ಮುಂದಿನ ಬದುಕಿಗೂ ಲೆಕ್ಕ ಹಾಕಿತು. ಆ ಒಂದು ಬಾಬ್ತಿಗೇ 21,60,000. ಈ ಲೆಕ್ಕವನ್ನ ಮನಸ್ಸಿನಲ್ಲಿಡಿ. ನಮ್ಮ ಕೇರಿಗಳಲ್ಲಿ ತಲೆ ಪೆಟ್ಟಿನ ಮಗನನ್ನ ಕಾಯೋದಕ್ಕೆ ಕೂಲಿ ಬಿಟ್ಟು ಮನೇಲಿ ಕೂತ ತಾಯಿ ಇರ್ತಾಳೆ. ಅವಳು ಬಿಟ್ಟ ಕೂಲಿ, ಅವಳು ಮಾಡುವ ಚಾಕರಿ, ಎರಡೂ ದುಡ್ಡೇ. "ತಾಯಿ ಅಲ್ವಾ, ಮಾಡ್ತಾಳೆ ಬಿಡಿ" ಅಂತ ಅರ್ಜಿಯಲ್ಲಿ ಆ ಬಾಬ್ತನ್ನೇ ಬರೆಯದೆ ಬಿಡೋದು ಅನ್ಯಾಯ.

ಲೆಕ್ಕ ಮಾಡಿ ನೋಡಿ

ನೀವು ಲೆಕ್ಕ ಬಲ್ಲವರು. ಒಬ್ಬ ಇಪ್ಪತ್ತೆರಡು ವರ್ಷದ ಗಾರೆ ಕೆಲಸದ ಹುಡುಗ ಅಂತ ಇಟ್ಟುಕೊಳ್ಳೋಣ. 2020ರಲ್ಲಿ ಅಪಘಾತ. ಆ ವಯಸ್ಸಿಗೆ 2009ರಲ್ಲಿ ಸುಪ್ರೀಂ ಕೋರ್ಟು ನಿಗದಿ ಮಾಡಿದ ಗುಣಕ 18.

ಒಂದನೇ ಲೆಕ್ಕ. ಪುರಾವೆ ಇಲ್ಲ ಅಂತ ತಿಂಗಳ ದುಡಿಮೆ 8,000ಕ್ಕೆ ಹಿಡಿದರು. ಡಾಕ್ಟರ ಕಾಗದದ 20 ಪರ್ಸೆಂಟನ್ನೇ ದುಡಿಮೆ ನಷ್ಟ ಅಂದರು. ಹನ್ನೆರಡು ತಿಂಗಳು, ಹದಿನೆಂಟು ವರ್ಷ, ಅದರಲ್ಲಿ ಐದನೇ ಒಂದು ಪಾಲು. ಬಂದದ್ದು 3,45,600.

ಎರಡನೇ ಲೆಕ್ಕ. ಪುರಾವೆ ಇಲ್ಲದ ಕೂಲಿಯವರಿಗಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಒಂದು ಪಟ್ಟಿ ಇದೆ. ನಮ್ಮ ಹೈಕೋರ್ಟು ಅದನ್ನ ಮತ್ತೆ ಮತ್ತೆ ಬಳಸಿದೆ. 2020ಕ್ಕೆ ಅದರಲ್ಲಿ ತಿಂಗಳಿಗೆ 13,750. ನಲವತ್ತರ ಒಳಗಿನ ಸ್ವಂತ ದುಡಿಮೆಯವರಿಗೆ ಮುಂದೆ ದುಡಿಮೆ ಏರ್ತಿತ್ತು ಅಂತ ಶೇಕಡಾ 40 ಸೇರಿಸಬೇಕು ಅಂತ 2017ರ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಸತ್ತವರಿಗೆ ಮಾತ್ರವಲ್ಲ, ಅಂಗವಿಕಲರಾಗಿ ಉಳಿದವರಿಗೂ ಅದು ಸಲ್ಲಬೇಕು ಅಂತ 2020ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟು ಹೇಳಿತು. ಅಲ್ಲಿಗೆ ತಿಂಗಳಿಗೆ 19,250, ವರ್ಷಕ್ಕೆ 2,31,000. ಹದಿನೆಂಟರಿಂದ ಗುಣಿಸಿದರೆ 41,58,000. ದುಡಿಮೆ ಅರ್ಧ ಹೋಯ್ತು ಅಂತ ಒಪ್ಪಿಸಿದರೂ 20,79,000. ಆಸ್ಪತ್ರೆ ಖರ್ಚು, ಮುಂದಿನ ಔಷಧಿ, ನೋವು, ನೋಡಿಕೊಳ್ಳುವವರ ಕೂಲಿ ಇವೆಲ್ಲ ಇದರ ಮೇಲೆ ಬೇರೆ.

ಅದೇ ಹುಡುಗ, ಅದೇ ತಲೆ, ಅದೇ ಪೆಟ್ಟು. ಮೂರೂವರೆ ಲಕ್ಷಕ್ಕೂ ಇಪ್ಪತ್ತೊಂದು ಲಕ್ಷಕ್ಕೂ ನಡುವೆ ಇರೋದೇನು? ಒಂದು ಪರೀಕ್ಷೆ, ನಾಲ್ಕು ಕಾಗದ, ಬಾಯಿಬಿಟ್ಟು ಕೇಳಬಲ್ಲ ಒಬ್ಬ ವಕೀಲ. ಈ ಕಂದಕದಲ್ಲೇ ನಮ್ಮ ಜನರ ಅನ್ನ ಬಿದ್ದುಹೋಗ್ತಿದೆ.

ಆರು ತಿಂಗಳ ಬಾಗಿಲು

ಈಗ ಗಡುವಿನ ವಿಷಯ. ಪರಿಹಾರ ಕೇಳೋದಕ್ಕೆ ಹಿಂದೆ ಗಡುವು ಇತ್ತು. ಬಡವರಿಗೆ ತೊಂದರೆಯಾಗ್ತದೆ ಅಂತ 1994ರಲ್ಲಿ ಅದನ್ನ ತೆಗೆದರು. 2019ರ ತಿದ್ದುಪಡಿ ಅದನ್ನ ಮತ್ತೆ ತಂದಿತು. 2022ರ ಏಪ್ರಿಲ್ 1ರಿಂದ ಜಾರಿ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಬೀಳದಿದ್ದರೆ ತೆಗೆದುಕೊಳ್ಳುವ ಹಾಗಿಲ್ಲ ಅಂತ ಮೋಟಾರು ವಾಹನ ಕಾಯಿದೆಯ 166ನೇ ಕಲಮಿನಲ್ಲಿ ಬರೆದಿದೆ.

ಇದು ತಲೆ ಪೆಟ್ಟಿನವರಿಗೇ ಹೆಚ್ಚು ಕಚ್ಚುವ ಗಡುವು. ಕಾಲು ಮುರಿದವನಿಗೆ ಕೋರ್ಟು, ಅರ್ಜಿ ನೆನಪಿರ್ತದೆ. ನೆನಪೇ ಹೋದವನು ಗಡುವನ್ನ ನೆನಪಿಡೋದು ಹೇಗೆ? ಆರು ತಿಂಗಳೆಂದರೆ ಅವನು ಆಸ್ಪತ್ರೆಯಿಂದ ಮನೆಗೆ, ಮನೆಯಿಂದ ಆಸ್ಪತ್ರೆಗೆ ಅಲೆಯುವ ಕಾಲ. ಗಾಯ ಎಲ್ಲಿಗೆ ನಿಲ್ತದೆ ಅಂತ ಡಾಕ್ಟರಿಗೂ ತಿಳಿಯದ ಕಾಲ. ಇಂಥವರ ಮುಂದೆ ಬಾಗಿಲು ಹಾಕುವ ಕಾನೂನು ಯಾರಿಗಾಗಿ ಮಾಡಿದ್ದು? ಈ ಗಡುವಿನ ವಿರುದ್ಧ ಹೋದ ಅರ್ಜಿಗಳ ಮೇಲೆ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಮಾಡಿ, ತಡವಾಯ್ತು ಅನ್ನೋ ಒಂದೇ ಕಾರಣಕ್ಕೆ ಕೇಸು ವಜಾ ಮಾಡಬೇಡಿ ಅಂತ ಹೇಳಿತು. ಆದರೆ ಮಧ್ಯಂತರ ಆದೇಶ ಅಂದರೆ ಚಪ್ಪರದ ನೆರಳು, ಮನೆಯ ಸೂರಲ್ಲ. ಅದನ್ನ ನಂಬಿ ಕೂರಬೇಡಿ. ಆರು ತಿಂಗಳೊಳಗೆ ಅರ್ಜಿ ಹಾಕಿಬಿಡಿ. ಎಷ್ಟು ನಷ್ಟ ಅನ್ನೋದಕ್ಕೆ ಪುರಾವೆಯನ್ನ ಆಮೇಲೂ ಕೊಡಬಹುದು. ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಅಧಿಕಾರವೂ ಟ್ರಿಬ್ಯೂನಲ್ಲಿಗಿದೆ.

ಪೋಲೀಸರಿಗೂ ಇಲ್ಲಿ ಕೆಲಸವಿದೆ. 2022ರ ಕೇಂದ್ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಅಪಘಾತದ ಮೊದಲ ವರದಿಯನ್ನ, 90 ದಿನದೊಳಗೆ ಪೂರ್ತಿ ವರದಿಯನ್ನ ಟ್ರಿಬ್ಯೂನಲ್ಲಿಗೆ ಕೊಡಬೇಕು. ಅದನ್ನೇ ಅರ್ಜಿ ಅಂತ ತೆಗೆದುಕೊಳ್ಳಬಹುದು ಅಂತ ಕಾಯಿದೆ ಹೇಳ್ತದೆ. ಇದನ್ನ ಸರಿಯಾಗಿ ಪಾಲಿಸಿ ಅಂತ 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಸ್ಟೇಷನ್ನಿಗೆ ಹೋಗಿ ಆ ವರದಿ ಎಲ್ಲಿ ಸಾರ್ ಅಂತ ಕೇಳಿ. ಕೇಳುವವರಿದ್ದರೆ ಫೈಲಿಗೆ ಕಾಲು ಬರ್ತದೆ.

ಹಾಸಿಗೆ ಪಕ್ಕಕ್ಕೆ ಬರುವವರು

ಮನುಷ್ಯ ಐ.ಸಿ.ಯು.ನಲ್ಲಿ ಇರುವಾಗಲೇ ಹೊರಗಿನ ಬೆಂಚಿನ ಮೇಲೆ ಒಬ್ಬ ಬಂದು ಕೂರ್ತಾನೆ. ಕಾಫಿ ಕೊಡಿಸ್ತಾನೆ. "ಅಣ್ಣಾ, ನಮ್ಮ ಲಾಯರಿದಾರೆ, ನೀವೇನೂ ಖರ್ಚು ಮಾಡಬೇಡಿ, ದುಡ್ಡು ಬಂದಾಗ ಪರ್ಸೆಂಟ್ ಕೊಟ್ಟರೆ ಸಾಕು" ಅಂತಾನೆ. ವಕಾಲತ್ತಿಗೆ, ಖಾಲಿ ಹಾಳೆಗಳಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ತಾನೆ. ಸಾಲ ಮಾಡಿ ಆಸ್ಪತ್ರೆಗೆ ಕಟ್ಟಿದ ಮನೆಯವರಿಗೆ ಅವನು ದೇವರ ಹಾಗೆ ಕಾಣ್ತಾನೆ. ಆಮೇಲೆ ಕೇಸು ಎಲ್ಲಿದೆ, ಎಷ್ಟಕ್ಕೆ ತೀರ್ಮಾನವಾಯ್ತು, ಯಾರ ಕೈ ಸೇರ್ತು ಒಂದೂ ತಿಳಿಯೋದಿಲ್ಲ.

ತಿಳಿದುಕೊಳ್ಳಿ. ಗೆದ್ದ ದುಡ್ಡಿನಲ್ಲಿ ಪಾಲು ಕೇಳುವ ಒಪ್ಪಂದವನ್ನ ವಕೀಲರು ಮಾಡಿಕೊಳ್ಳಕೂಡದು ಅಂತ ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ದಲ್ಲಾಳಿಗಳನ್ನ ಬಿಟ್ಟು ಕೇಸು ಹಿಡಿಯೋದೂ ನಿಷಿದ್ಧ. ನ್ಯಾಯವಾಗಿ ವಕೀಲಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ನಮ್ಮ ಹುಡುಗರೇ ಇದ್ದಾರೆ. ಅವರಿಗೆ ನ್ಯಾಯವಾದ ಫೀಜು ಕೊಡೋಣ. ಈ ಮಾತು ಬೆಂಚಿನ ಮೇಲೆ ಕೂತವನಿಗೆ ಮಾತ್ರ.

ಇನ್ನೊಂದು ಮೋಸ ರಾಜಿಯ ಹೆಸರಲ್ಲಿ ನಡೀತದೆ. ತಲೆ ಪೆಟ್ಟಿನವನಿಗೆ ತಾನು ಒತ್ತುವ ಹೆಬ್ಬೆಟ್ಟು ಯಾತಕ್ಕೆ ಅಂತ ತಿಳಿಯೋದಿಲ್ಲ. ತನ್ನ ಹಿತ ತಾನು ಕಾಯಲಾರದವನ ಪರವಾಗಿ ತಂದೆಯೋ ತಾಯಿಯೋ ಹೆಂಡತಿಯೋ ಕೋರ್ಟಿನ ಮುಂದೆ ನಿಲ್ಲಬಹುದು. ಹಾಗೆ ನಿಂತವರೂ ಕೋರ್ಟಿನ ಅನುಮತಿ ಇಲ್ಲದೆ ರಾಜಿಯಾಗುವ ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಲ್ಲಿ ಇದು ಸ್ಪಷ್ಟವಾಗಿದೆ. ಲೋಕ ಅದಾಲತ್ತು ಬೇಗ ಮುಗಿಸ್ತದೆ, ನಿಜ. ಆದರೆ ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲ. ಎರಡು ವರ್ಷದ ಮೇಲೆ ಫಿಟ್ಸು ಶುರುವಾದರೆ ಮತ್ತೆ ಹೋಗಿ ಕೇಳೋದಕ್ಕೆ ಬಾಗಿಲಿರೋದಿಲ್ಲ. ಆದ್ದರಿಂದ ತಲೆ ಪೆಟ್ಟಿನ ಕೇಸನ್ನ ಪರೀಕ್ಷೆಗಳು ಮುಗಿಯುವ ಮೊದಲು ಅದಾಲತ್ತಿನಲ್ಲಿ ಚೌಕಾಸಿಗೆ ಇಡಬೇಡಿ.

ಪುಕ್ಕಟೆ ವಕೀಲ ಭಿಕ್ಷೆಯಲ್ಲ

"ನಮ್ಮತ್ರ ದುಡ್ಡಿಲ್ಲ, ಕೋರ್ಟಿಗೆಲ್ಲಿ ಹೋಗೋದು" ಅನ್ನುವ ಮಾತು ಕೇರಿಯಲ್ಲಿ ಇನ್ನೂ ಕೇಳಿಬರ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮು ತೆರೆದು ನೋಡಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಉಚಿತ ವಕೀಲರನ್ನ ಪಡೆಯೋದಕ್ಕೆ ಹಕ್ಕುಳ್ಳವರು. ಆದಾಯದ ಮಿತಿ ಅವರಿಗಿಲ್ಲ. ಹೆಂಗಸರು, ಮಕ್ಕಳು, ಅಂಗವಿಕಲರು ಯಾವ ಜಾತಿಯವರಾದರೂ ಅವರಿಗೂ ಹಾಗೇ. ಹಾಸ್ಟೆಲ್ ಸೀಟಿಗೆ ನೀವು ಕೊಟ್ಟ ಅದೇ ಜಾತಿ ಸರ್ಟಿಫಿಕೇಟು ನಿಮ್ಮಪ್ಪನಿಗೆ ವಕೀಲರನ್ನ ಕೊಡಿಸ್ತದೆ. ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. 15100 ಅನ್ನುವ ನಂಬರಿಗೆ ಫೋನು ಮಾಡಿದರೂ ಆಗ್ತದೆ.

ಪುಕ್ಕಟೆ ವಕೀಲ ಅಂದರೆ ಕಳಪೆ ವಕೀಲ ಅಂತ ಒಂದು ಮಾತಿದೆ. ಅದರಲ್ಲಿ ಸತ್ಯವೂ ಇದೆ. ಸರ್ಕಾರ ಕೊಡುವ ಫೀಜು ಕಡಿಮೆ, ಕೆಲವರು ಕೇಸನ್ನ ಮುಂದಕ್ಕೆ ಹಾಕಿಸಿಕೊಂಡು ಕೂರ್ತಾರೆ. ಆದರೆ 2010ರ ನಿಯಮಾವಳಿಯ ಹೆಸರಿನಲ್ಲೇ ಉಚಿತ ಮತ್ತು ಸಮರ್ಥ ಸೇವೆ ಅಂತ ಬರೆದಿದೆ. ಸಮರ್ಥ ಅನ್ನುವ ಪದ ಅಲಂಕಾರಕ್ಕೆ ಹಾಕಿದ್ದಲ್ಲ. ವಕೀಲರು ಬರದಿದ್ದರೆ, ಮಾತಾಡದಿದ್ದರೆ ಪ್ರಾಧಿಕಾರಕ್ಕೆ ಬರೆದು ಕೊಡಿ, ಬೇರೆಯವರನ್ನ ಕೇಳಿ. ರೇಷನ್ ಅಂಗಡಿಯಲ್ಲಿ ತೂಕ ಕಡಿಮೆ ಬಂದರೆ ಅಕ್ಕಿಯೇ ಬೇಡ ಅಂತ ಬರ್ತೀವಾ? ತಕ್ಕಡಿ ಸರಿ ಮಾಡಿಸ್ತೀವಿ.

ಗಾಡಿ ಯಾವುದು, ಕೂತದ್ದು ಎಲ್ಲಿ

ಕಂಪನಿಗಳು ಇನ್ನೊಂದು ಬಾಗಿಲು ಹಾಕ್ತವೆ. ಸರಕು ಸಾಗಿಸುವ ಗಾಡಿಯಲ್ಲಿ ಪುಕ್ಕಟೆ ಕೂತು ಹೋದವರಿಗೆ ವಿಮೆ ಇಲ್ಲ ಅಂತ 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಟ್ರ್ಯಾಕ್ಟರ್ ಟ್ರೈಲರಿನಲ್ಲಿ, ಗೂಡ್ಸ್ ಆಟೋದಲ್ಲಿ ಮದುವೆಗೂ ಜಾತ್ರೆಗೂ ನಾಟಿ ಕೆಲಸಕ್ಕೂ ಕುರಿಗಳ ಹಾಗೆ ತುಂಬಿಕೊಂಡು ಹೋಗುವವರು ಯಾರು? ಕಾರಿದ್ದವರು ಹೋಗ್ತಾರೆಯೇ? ಬಸ್ಸು ಬಾರದ ಊರಿನವರು ಹೋಗ್ತಾರೆ. ಮೂಟೆ ಹತ್ತಿಸಿ ಇಳಿಸುವ ಆಳಾಗಿ ಗಾಡಿಯಲ್ಲಿದ್ದರೆ ವಿಮೆ ಸಿಗುವ ದಾರಿ ಬೇರೆ. ಆದ್ದರಿಂದ ಮೊದಲ ದಿನದ ಹೇಳಿಕೆಯಲ್ಲಿ ಯಾವ ಕೆಲಸಕ್ಕೆ, ಯಾರ ಕೂಲಿಗೆ ಹೋಗ್ತಿದ್ದ ಅನ್ನುವ ನಿಜವನ್ನ ತಪ್ಪದೆ ಬರೆಸಿ. ಇಲ್ಲದ್ದನ್ನ ಬರೆಸಬೇಡಿ. ಪಾಟೀಸವಾಲಿನಲ್ಲಿ ಸುಳ್ಳು ಬಿದ್ದರೆ ಅದರ ಜೊತೆಗೆ ನಿಜವೂ ಬೀಳ್ತದೆ.

ಬೈಕಿನಲ್ಲಿ ಮೂವರು ಕೂತಿದ್ದರು ಅಂತ ಪರಿಹಾರ ಕತ್ತರಿಸುವ ವಾದವೂ ಇದೆ. ಅಪಘಾತಕ್ಕೆ ಅದೇ ಕಾರಣ ಅಂತ ತೋರಿಸದೆ ಬರೀ ಮೂವರಿದ್ದರು ಅಂತ ಹಿಂದೆ ಕೂತವನ ತಲೆಗೆ ತಪ್ಪು ಕಟ್ಟಬಾರದು ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಂತ ಹಾಸ್ಟೆಲಿನ ಹುಡುಗರು ಮೂವರು ಹತ್ತಿ ಹೆಲ್ಮೆಟಿಲ್ಲದೆ ಹೋಗಿ ಅಂತ ಇದರ ಅರ್ಥವಲ್ಲ. ಕೋರ್ಟು ಕೊಡೋದು ದುಡ್ಡನ್ನ, ತಲೆಯನ್ನಲ್ಲ.

ಗುದ್ದಿದ ಗಾಡಿ ಸಿಗದೇ ಹೋದರೆ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ಅಂತ 2022ರ ಯೋಜನೆ ಇದೆ. ಉಪವಿಭಾಗದ ಅಧಿಕಾರಿ ಅಥವಾ ತಹಸೀಲ್ದಾರರ ಕಚೇರಿಯಲ್ಲಿ ಕೇಳಿ. 2025ರ ಮೇ ತಿಂಗಳಿಂದ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನ ಒಂದೂವರೆ ಲಕ್ಷದ ತನಕ ದುಡ್ಡು ಕಟ್ಟದೆ ಚಿಕಿತ್ಸೆ ಅನ್ನುವ ಕೇಂದ್ರದ ಯೋಜನೆಯೂ ಬಂದಿದೆ. "ಮೊದಲು ದುಡ್ಡು ಕಟ್ಟಿ" ಅಂದ ಕೌಂಟರಿನ ಮುಂದೆ ಈ ಮಾತು ಜೋರಾಗಿ ಹೇಳಿ.

ನೀವು ಮಾಡಬೇಕಾದ್ದು

ನಮ್ಮಲ್ಲಿ ಮೊದಲು ಅಕ್ಷರ ಕಲಿತವರು ನೀವು. ಕೇರಿಯಲ್ಲಿ ಯಾರಿಗೇ ಅಪಘಾತವಾದರೂ ಮೊದಲು ಫೋನು ಬರೋದು ನಿಮಗೆ. ಆಗ ಇವಿಷ್ಟು ಮಾಡಿ.

ಒಂದು, ಮೊದಲ ಆಸ್ಪತ್ರೆಯಲ್ಲಿ ಎಂ.ಎಲ್.ಸಿ. ಮಾಡಿಸಿ. ಯಾವ ಗಾಡಿ, ಎಲ್ಲಿ, ಎಷ್ಟು ಹೊತ್ತಿಗೆ ಅಂತ ಹೇಳಿ. "ತಾನೇ ಬಿದ್ದ" ಅಂತ ಯಾರೋ ಅವಸರದಲ್ಲಿ ಬರೆದುಬಿಟ್ಟರೆ ಆ ಎರಡು ಪದ ವರ್ಷಗಟ್ಟಲೆ ಕಾಡ್ತವೆ.

ಎರಡು, ಎಫ್.ಐ.ಆರ್. ಆಗಲಿ. ಅದರ ಪ್ರತಿ ದೂರು ಕೊಟ್ಟವರಿಗೂ ನೊಂದವರಿಗೂ ಪುಕ್ಕಟೆ. ಜೀವ ಉಳಿಸೋ ಗಡಿಬಿಡಿಯಲ್ಲಿ ತಡವಾದರೆ ಅದೊಂದೇ ಕಾರಣಕ್ಕೆ ಪರಿಹಾರ ತಳ್ಳಿಹಾಕಬಾರದು ಅಂತ 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಮೂರು, ಆಸ್ಪತ್ರೆಯ ದಾಖಲೆಗಳನ್ನ ಬರೆದು ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ ನಿಯಮವಿದೆ. ಔಷಧಿ ಚೀಟಿ, ಬಸ್ ಟಿಕೀಟು, ಒಂದನ್ನೂ ಎಸೆಯಬೇಡಿ.

ನಾಲ್ಕು, ಒಂದು ನೋಟ್ ಬುಕ್ಕು ಇಡಿ. ಇವತ್ತು ಏನು ಮರೆತ, ಯಾವಾಗ ಸಿಟ್ಟಾದ, ಫಿಟ್ಸು ಎಂದು ಬಂತು, ಯಾರು ಕೆಲಸಕ್ಕೆ ಬೇಡ ಅಂದರು, ತಾರೀಖು ಹಾಕಿ ಬರೀರಿ. ತಾಯಿ, ಹೆಂಡತಿ ಹೇಳಿದ್ದನ್ನ ಅವರ ಮಾತಿನಲ್ಲೇ ಬರೀರಿ. ನಾಳೆ ಸಾಕ್ಷಿ ಕಟ್ಟೆಯಲ್ಲಿ ನಿಲ್ಲುವವರು ಅವರೇ.

ಐದು, ನೆನಪು, ಬುದ್ಧಿಯ ಪರೀಕ್ಷೆ ಮಾಡಿಸಿ ಅಂತ ಡಾಕ್ಟರನ್ನೂ ವಕೀಲರನ್ನೂ ಕೇಳಿ. ಮೇಸ್ತ್ರಿಯನ್ನೋ ಜೊತೆ ಕೆಲಸದವನನ್ನೋ ಸಾಕ್ಷಿಗೆ ಒಪ್ಪಿಸಿ.

ಆರು, ಆರು ತಿಂಗಳ ತಾರೀಖನ್ನ ಗೋಡೆಯ ಮೇಲೆ ಬರೆದಿಡಿ. ಅಪಘಾತ ದೂರದ ಊರಿನಲ್ಲಾದರೂ ಅರ್ಜಿಯನ್ನ ತಮ್ಮ ಊರಿನ ಟ್ರಿಬ್ಯೂನಲ್ಲಿನಲ್ಲೇ ಹಾಕಬಹುದು.

ಏಳು, ದುಡ್ಡು ಬಂದ ಮೇಲೂ ಕಣ್ಣಿಡಿ. ಅದರಲ್ಲಿ ಒಂದು ಪಾಲನ್ನ ಬ್ಯಾಂಕಿನಲ್ಲಿ ಠೇವಣಿ ಇಡಿ ಅಂತ ಟ್ರಿಬ್ಯೂನಲ್ಲು ಹೇಳೋದು ನಮ್ಮ ಜನರನ್ನ ದಲ್ಲಾಳಿಯಿಂದ, ಸಾಲಗಾರನಿಂದ, ಸಾರಾಯಿ ಅಂಗಡಿಯಿಂದ ಕಾಯೋದಕ್ಕೆ.

ಇದರಲ್ಲಿ ಯಾವುದಕ್ಕೂ ಎಲ್ಎಲ್.ಬಿ. ಬೇಕಿಲ್ಲ. ಒಂದು ಹಾಸ್ಟೆಲಿನಲ್ಲಿ ನಾಲ್ಕು ಜನ ಸೇರಿ ತಿಂಗಳಿಗೆ ಒಂದು ಭಾನುವಾರ ತಾಲ್ಲೂಕು ಆಸ್ಪತ್ರೆಯ ವಾರ್ಡು ಸುತ್ತಿ ಬಂದರೆ ಸಾಕು. ಬೆಂಚಿನ ಮೇಲೆ ಕೂತು ಕಾಫಿ ಕೊಡಿಸುವವನಿಗಿಂತ ಮೊದಲು ನೀವು ಅಲ್ಲಿರಬೇಕು.

ಕೋರ್ಟಿನಲ್ಲಿ ಕೇಳ್ತಿರೋದು ದಯೆಯನ್ನಲ್ಲ. ಒಂದು ತಲೆಯ ಬೆಲೆ ಕಟ್ಟೋದಕ್ಕೆ ಕೂತವರು ಅದು ಯಾರ ತಲೆ ಅಂತ ನೋಡಿ ಬೆಲೆ ಇಳಿಸಕೂಡದು, ಅಷ್ಟೇ. ನಮ್ಮವರ ಕೈಯಿಂದ ಕಟ್ಟಡ ಎದ್ದಿವೆ, ರಸ್ತೆ ಆಗಿವೆ, ಊರು ಚೊಕ್ಕವಾಗಿದೆ. ಆ ಕೈಗಳಿಗೆ ದಾರಿ ತೋರಿಸಿದ್ದು ಅವರವರ ತಲೆ. ಅದನ್ನ ಒಪ್ಪಿಸದೆ ಕೋರ್ಟಿನ ಮೆಟ್ಟಿಲು ಇಳಿಯಬೇಡಿ.